ಗೇಟಿನಾಚೆ ಒಂದು ಸುತ್ತು

ನಾನು ಮೊದಲ ಸಲ ಮನೆ ಬಿಟ್ಟು ಹೊರಟಿದ್ದು ಒಂದು ಸೋಮವಾರ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ. ಅಲ್ಲಿಂದೀಚೆಗೆ ಯಾವ ಕೆಲಸದಲ್ಲೂ ಕಾಲು ನಿಂತಿಲ್ಲ. ಮೊನ್ನೆಮೊನ್ನೆವರೆಗೆ ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿ, ಮಾತು ಬಾರದ ಮಕ್ಕಳಿಗೆ ಥೆರಪಿ ಕೊಡುವ ಕಡೆ ಗೇಟು ಕಾಯುತ್ತಿದ್ದೆ. ಮಗು ಒಳಗಿರುವಷ್ಟು ಹೊತ್ತು ತಾಯಿ ಗೇಟು ದಾಟುವ ಹಾಗಿಲ್ಲ, ಅದು ಅಲ್ಲಿನ ರೂಲ್ಸು.

ಒಂದು ದಿನ, ಮಗನನ್ನು ಒಳಗೆ ಕಳಿಸಿ ಕಾಯುತ್ತಿದ್ದ ಶಿವಾಜಿನಗರದ ನಸ್ರೀನ್ ಬೆಂಚಿನಿಂದ ಎದ್ದು ಬಂದರು. "ಭಾಯ್, ಸ್ವಲ್ಪ ಹೊರಗೆ ಬಿಡಿ."

"ಎಲ್ಲಿಗೆ ಹೋಗ್ಬೇಕಮ್ಮಾ?"

"ಎಲ್ಲಿಗೂ ಇಲ್ಲ. ಒಂದು ಸುತ್ತು ಒಬ್ಳೇ ನಡೀಬೇಕು. ಅವನು ಹುಟ್ಟಿದಾಗಿಂದ ಕೈ ಬೀಸ್ಕೊಂಡು ನಡೆದೇ ಇಲ್ಲ. ಮಗ ನಿದ್ದೆ ಮಾಡಿದ್ನಾ ಅಂತ ಎಲ್ರೂ ಕೇಳ್ತಾರೆ. ನನ್ನ ನಿದ್ದೆ ಯಾರು ಕೇಳ್ತಾರೆ?"

ಗೇಟು ತೆಗೆದೆ. ಆಮೇಲೆ ನಿಂತಲ್ಲಿ ನಿಲ್ಲಲಾಗದೆ ರಸ್ತೆಯನ್ನೇ ನೋಡುತ್ತಿದ್ದೆ. ಮಗ ಹೊರಗೆ ಬರುವ ಮುಂಚೆಯೇ ಅವರು ವಾಪಸ್ ಬಂದರು, ಮುಖ ಹಗುರಾಗಿತ್ತು. ಆದರೆ ಮ್ಯಾನೇಜರ್ ನೋಡಿಬಿಟ್ಟಿದ್ದ.

"ಆಯಮ್ಮ ವಾಪಸ್ ಬರ್ದೇ ಇದ್ದಿದ್ರೆ ಏನಯ್ಯಾ ಮಾಡ್ತಿದ್ದೆ?"

"ಬಿಟ್ಟು ಹೋಗೋರ ಮುಖ ನಂಗೆ ಚೆನ್ನಾಗಿ ಗೊತ್ತು ಸಾರ್. ಅದು ಆ ಮುಖ ಅಲ್ಲ."

ಅವನಿಗೆ ಅಷ್ಟು ಸಾಲಲಿಲ್ಲ, ಕೆಲಸ ಹೋಯಿತು. ಈಗ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೇನೆ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿಗೆ ಹೋಗಿ ನಿಂತರೆ ಬೇರೆ ಊರಿಗೆ ಯಾವುದಾದರೂ ಬಸ್ಸು ಸಿಗುತ್ತೆ. ನಸ್ರೀನ್ ಥರ ಒಂದು ಸುತ್ತು ಹೊಡೆದು ವಾಪಸ್ ಬರೋದು ಮಾತ್ರ ನನಗಿನ್ನೂ ಬಂದಿಲ್ಲ.