ಯಜಮಾನರ ಪರದೆ

ಟೀಚರಮ್ಮ ಪಾಠ ಶುರುಮಾಡಿದರೆಂದರೆ ಶಾಲೆಯ ಗೇಟಿನಾಚೆ ಸೈಕಲ್ ರಿಪೇರಿ ಮಾಡುವವನಿಗೂ ಇತಿಹಾಸ ಬಾಯಿಪಾಠವಾಗುತ್ತಿತ್ತು. ಅಂಥ ಗಂಟಲು. ನಿವೃತ್ತಿಯ ದಿನ ಎಲ್ಲರೂ "ಇನ್ನು ಆರಾಮಾಗಿರಿ" ಎಂದು ಹೇಳಿ ಕಳಿಸಿದರು. ಆರಾಮಾಗಿರುವುದು ಅವರ ಜಾಯಮಾನವೇ ಅಲ್ಲ. ಧ್ವನಿಪುಸ್ತಕ ಮಾಡುವ ಕಂಪನಿಯೊಂದಕ್ಕೆ ತಾವೇ ಫೋನ್ ಹಚ್ಚಿ, "ನಿಮ್ಮಲ್ಲಿ ಓದೋರನ್ನ ಕೇಳಿದೀನಿ. ನಾನು ಅವರಿಗಿಂತ ಚೆನ್ನಾಗಿ ಓದ್ತೀನಿ" ಎಂದರು. ಜಂಬವೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಕಂಪನಿಯವರು ಒಂದು ಅಧ್ಯಾಯ ಕೇಳಿ ಮರುಮಾತಾಡದೆ ಪುಸ್ತಕ ಕೊಟ್ಟರು.

ಮನೆಯ ಹಿಂದಿನ ಸಣ್ಣ ಕೋಣೆಯೇ ಸ್ಟುಡಿಯೋ ಆಯಿತು. ಗೋಡೆಗಳಿಗೆ ಹಳೆಯ ರಗ್ಗು, ಕಿಟಕಿಗೆ ಅಡ್ಡವಾಗಿ ಒಂದು ಹಾಸಿಗೆ. ದೊಡ್ಡ ಮೇಜಿನ ಮೇಲೆ ಮೈಕು, ಅದರ ಹಿಂದೆ ಟೀಚರಮ್ಮನ ಪರದೆ. ಬಾಗಿಲ ಬದಿಯ ಪುಟ್ಟ ಮೇಜಿನ ಮೇಲೆ ಇನ್ನೊಂದು ಪರದೆ. ಅದು ಯಜಮಾನರದು.

ಯಜಮಾನರು ಬಸ್ ಓಡಿಸಿದವರು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದರು, ಹೋಗಲು ಜಾಗವಿಲ್ಲದೆ ಸಂಜೆ ಅದೇ ಅಂಗಿ ಬಿಚ್ಚಿಡುತ್ತಿದ್ದರು. ಟೀಚರಮ್ಮ ಇದನ್ನು ದಿನಾ ನೋಡುತ್ತಿದ್ದರು. ಓದುವ ಕೆಲಸ ಸಿಕ್ಕ ವಾರವೇ ಅವರನ್ನು ಒಳಗೆ ಕರೆದು, ತಾವು ಓದುವ ಪುಟವನ್ನೇ ಆ ಪರದೆಗೂ ಹಾಕಿಕೊಟ್ಟರು. "ನಾನು ತಪ್ಪು ಓದಿದ್ರೆ ಕೈ ಎತ್ತಿ. ಮಾತಾಡಬೇಡಿ."

ಒಂದೇ ಪರದೆಯ ಮುಂದೆ ಇಬ್ಬರೂ ಕೂತರೆ ಯಜಮಾನರ ಉಸಿರೂ ಮೈಕಿಗೆ ಬೀಳುತ್ತದೆ. ಕಾಗದ ಹಿಡಿದರೆ ಸರಸರ ಸದ್ದು. ಹಾಗಾಗಿ ಈ ಏರ್ಪಾಡು. ಹೆಂಡತಿಯ ತಪ್ಪು ಹಿಡಿಯುವ ಕೆಲಸ ಕೊಟ್ಟರೆ ಯಾವ ಗಂಡ ತಾನೇ ಬೇಡ ಎಂದಾನು? ಅಂದಿನಿಂದ ಯಜಮಾನರು ತಿಂಡಿ ಮುಗಿಸಿ, "ಡ್ಯೂಟಿಗೆ ಹೊತ್ತಾಯ್ತು" ಎಂದು ನಡುಮನೆ ದಾಟಿ ಕೋಣೆ ಸೇರತೊಡಗಿದರು.

ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಟೀಚರಮ್ಮನ ತಂಗಿಯ ಮಗಳು, ಗೇಮ್ ಆಡಲೆಂದು ಕೊಂಡಿದ್ದ ತನ್ನ ಯಂತ್ರವನ್ನೇ ತಂದುಕೊಟ್ಟಳು. ಒಳಗೆ ಪರದೆಗೆ ಚಿತ್ರ ಕಳಿಸುವ, ಇಟ್ಟಿಗೆಯಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡು. ಜೊತೆಗೆ ಅಗಲವಾದ ಹೊಸ ಪರದೆ. ಹೊಸ ಪರದೆ ಟೀಚರಮ್ಮನಿಗೆ, ಹಳೆಯದು ಎಂದಿನಂತೆ ಯಜಮಾನರಿಗೆ. ಅಲ್ಲಿಂದ ಫಜೀತಿ ಶುರುವಾಯಿತು. ಪರದೆಯ ಮೇಲೆ ಬರೀ ಅಕ್ಷರವಿದ್ದರೂ ಯಂತ್ರ ಗುಂಯ್ ಎನ್ನುವುದನ್ನು ನಿಲ್ಲಿಸಲೊಲ್ಲದು. ಕಂಪನಿಯವರು ಎರಡು ಅಧ್ಯಾಯಗಳನ್ನು ಹಿಂದಕ್ಕೆ ಕಳಿಸಿ, ದನಿ ಚೆನ್ನಾಗಿದೆ, ಆದರೆ ಹಿಂದೆ ಯಾವುದೋ ಲಾರಿ ನಿಂತ ಹಾಗಿದೆ ಎಂದರು.

ಧೂಳು ಹೊಡೆದರು. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರು. ಯಜಮಾನರು ಅದಕ್ಕೆ ಕಿವಿಗೊಟ್ಟು, "ಇದು ಐಡ್ಲಿಂಗಿಗೆ ಬರ್ತಾ ಇಲ್ಲ ಕಣೇ. ನಿಂತಲ್ಲೇ ಆಕ್ಸಿಲರೇಟರ್ ತುಳೀತಿದೆ" ಎಂದರು. ಟೀಚರಮ್ಮ ತಂಗಿಯ ಮಗಳಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಎರಡು ಪರದೆ ಇದ್ರೆ ಕೆಲವು ಸಲ ಆ ಕಾರ್ಡಿನ ಮೆಮೊರಿ ಸ್ಪೀಡ್ ಇಳಿಯೋದೇ ಇಲ್ಲ, ದೊಡ್ಡಮ್ಮ. ಕೆಲಸ ಇಲ್ಲದಿದ್ರೂ ಕರೆಂಟ್ ತಿನ್ನುತ್ತೆ, ಬಿಸಿಯಾಗುತ್ತೆ, ಫ್ಯಾನ್ ತಿರುಗುತ್ತೆ. ಒಂದು ಪರದೆ ತೆಗೆದುಬಿಡಿ, ತಣ್ಣಗಾಗುತ್ತೆ."

"ತೆಗೆಯೋ ಮಾತೇ ಇಲ್ಲ" ಎಂದು ಟೀಚರಮ್ಮ ಫೋನ್ ಇಟ್ಟರು. ಪಕ್ಕದಲ್ಲಿದ್ದ ಯಜಮಾನರು ತಮ್ಮ ಪರದೆಯ ಹಿಂದಿನ ವೈರನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಕೋಣೆ ನಿಶ್ಶಬ್ದವಾಗಿತ್ತು. ಹಳೆಯ ಪರದೆಯ ವೈರನ್ನು ಕಿತ್ತು, ಸುರುಳಿ ಸುತ್ತಿ ಮೇಜಿನ ಮೇಲಿಟ್ಟಿತ್ತು. "ಯಾಕೋ ಕಣ್ಣಲ್ಲಿ ನೀರು ಬರ್ತಿದೆ. ಅಕ್ಷರ ನೋಡಿದ್ರೆ ತಲೆ ಸುತ್ತುತ್ತೆ. ಸ್ವಲ್ಪ ದಿನ ನೀನೇ ಓದ್ಕೋ" ಎಂದರು ಯಜಮಾನರು. ಟೀಚರಮ್ಮ ಕಣ್ಣಿಗೆ ಹನಿ ಹಾಕುವ ಔಷಧ ತಂದುಕೊಟ್ಟು ಓದಲು ಕೂತರು. ದನಿ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು. ಅದೇ ಖುಷಿಯಲ್ಲಿ ಅಧ್ಯಾಯದ ಮೇಲೆ ಅಧ್ಯಾಯ ಓದಿ ಬಿಸಾಡಿದರು.

ವಾರ ಕಳೆದ ಮೇಲೆ ಕಂಪನಿಯಿಂದ ಫೋನ್ ಬಂತು. ಸದ್ದು ಹೋಗಿದೆ ಮೇಡಂ, ಆದರೆ ಒಂದು ಕಡೆ ಇಡೀ ಸಾಲೇ ಹಾರಿದೆ, ಇನ್ನೊಂದು ಕಡೆ ಅಣ್ಣನ ಮಾತು ತಮ್ಮನ ಬಾಯಿಗೆ ಬಂದಿದೆ ಎಂದರು. ಟೀಚರಮ್ಮನಿಗೆ ಮುಖ ಸುಟ್ಟ ಹಾಗಾಯಿತು. ನೀರು ಕುಡಿಯೋಣವೆಂದು ಹೊರಬಂದರೆ, ವರಾಂಡದಲ್ಲಿ ಇಸ್ತ್ರಿ ಅಂಗಿ ತೊಟ್ಟ ಯಜಮಾನರು ಪೇಪರಿನ ಕೊನೆಯ ಪುಟದ ಇರುವೆಸಾಲಿನಂಥ ಜಾಹೀರಾತುಗಳನ್ನು ಒಂದೂ ಬಿಡದೆ ಓದುತ್ತಿದ್ದರು. ಕಣ್ಣಲ್ಲಿ ನೀರೂ ಇಲ್ಲ, ಎಂಥದೂ ಇಲ್ಲ.

ಟೀಚರಮ್ಮ ಅಲ್ಲೇ ನಿಂತುಬಿಟ್ಟರು. ಸಿಟ್ಟು ಬಂತು. ಗಂಡನ ಮೇಲೆ ಒಂದು ಪಾಲು, ತಮ್ಮ ಮೇಲೆ ಮೂರು ಪಾಲು. ಕದ್ದು ನಿದ್ದೆ ಮಾಡುವ ಮಕ್ಕಳನ್ನು ಹಿಂದಿನ ಬೆಂಚಿನಲ್ಲೂ ಹಿಡಿದವರಿಗೆ ಮನೆಯೊಳಗಿನ ಸುಳ್ಳು ವಾರವಾದರೂ ಕಾಣಲಿಲ್ಲವೆಂದರೆ, ಅದು ಕಾಣದ್ದಲ್ಲ, ನೋಡಲು ಪುರುಸೊತ್ತು ಮಾಡಿಕೊಳ್ಳದ್ದು. ನಾಚಿಕೆಯೂ ಆಯಿತು. ಸೀದಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವೈರು ಸಿಕ್ಕಿಸಿದರು. ಯಂತ್ರ ಮತ್ತೆ ಗುಂಯ್ ಎಂದಿತು. "ಕೂಗು, ಎಷ್ಟು ಕೂಗ್ತೀಯೋ ಕೂಗು" ಎನ್ನುತ್ತಾ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು, ಉತ್ತರಪತ್ರಿಕೆ ತಿದ್ದುವವರ ಹಾಗೆ ಸಾಲು ಸಾಲು ನೋಡಿದರು. ಎರಡು ಪರದೆಗೂ ಎಲ್ಲ ಒಂದೇ. ಒಂದು ಕಡೆ ಮಾತ್ರ ಬೇರೆ. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದು ಮಾಡುತ್ತದೆ ಎನ್ನುವ ಜಾಗದಲ್ಲಿ ತಮ್ಮದಕ್ಕೆ ನೂರಾ ನಲವತ್ತನಾಲ್ಕು, ಯಜಮಾನರದಕ್ಕೆ ಅರವತ್ತು. ಒಂದು ಓಡುತ್ತಿದೆ, ಒಂದು ನಡೆಯುತ್ತಿದೆ. ಎರಡನ್ನೂ ಸಂಭಾಳಿಸುವ ಕಾರ್ಡಿಗೆ ಕಣ್ಣು ಮುಚ್ಚಲು ಪುರುಸೊತ್ತೆಲ್ಲಿ? ಯಜಮಾನರದನ್ನು ಏರಿಸಲು ಹೋದರು. ಅರವತ್ತರ ಮೇಲೆ ಅದಕ್ಕೆ ಲೆಕ್ಕವೇ ಬರುತ್ತಿರಲಿಲ್ಲ. ಸರಿ, ತಮ್ಮದನ್ನೇ ಅರವತ್ತಕ್ಕೆ ಇಳಿಸಿದರು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಫ್ಯಾನಿನ ಸದ್ದು ಮೆಲ್ಲಗೆ ತಗ್ಗುತ್ತಾ ಹೋಗಿ, ಕೊನೆಗೆ ನಿಂತೇ ಹೋಯಿತು.

"ರೀ, ಬನ್ನಿ ಇಲ್ಲಿ."

ಯಜಮಾನರು ಬಾಗಿಲಲ್ಲಿ ನಿಂತು, ಬೆಳಗುತ್ತಿದ್ದ ಎರಡು ಪರದೆಗಳನ್ನೂ ನೋಡಿದರು. "ಸದ್ದೇ ಇಲ್ಲ. ಏನ್ಮಾಡಿದೆ?"

"ನಂದು ಸುಮ್ಮಸುಮ್ಮನೆ ಓಡ್ತಿತ್ತು. ನಿಮ್ಮದರ ಜೊತೆ ನಡೆಯೋ ಹಾಗೆ ಮಾಡಿದೆ."

"ನಿನಗೆ ನಿಧಾನ ಆಗಲ್ವಾ?"

"ಪುಸ್ತಕದ ಅಕ್ಷರ ಎಲ್ಲಿಗೆ ಓಡಿಹೋಗುತ್ತೆ? ಕೂತ್ಕೊಳ್ಳಿ. ಇನ್ನೊಂದು ಸಲ ಕಣ್ಣಿನ ನೆಪ ಹೇಳೋದಾದ್ರೆ ಪೇಪರ್ ಮಡಚಿಟ್ಟು ಹೇಳಿ."

ಯಜಮಾನರು ಹಲ್ಲುಕಿರಿದು, ಅಂಗಿ ಸರಿಮಾಡಿಕೊಂಡು ತಮ್ಮ ಜಾಗದಲ್ಲಿ ಕೂತರು. ಟೀಚರಮ್ಮ ಮೈಕು ಆನ್ ಮಾಡಿ, ತಪ್ಪಾಗಿದ್ದ ಅಧ್ಯಾಯವನ್ನು ಮೊದಲಿಂದ ಶುರುಮಾಡಿದರು. ಎರಡನೇ ಸಾಲಿಗೇ ಯಜಮಾನರ ಕೈ ಮೇಲೆದ್ದಿತು.

ಟೀಚರಮ್ಮ ಮೈಕು ನಿಲ್ಲಿಸಿ ಪರದೆ ನೋಡಿದರು. ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಏನ್ರೀ ತಪ್ಪು?"

"ತಪ್ಪಿಲ್ಲ. ಗಂಟಲು ಕಟ್ಟಿದೆ ನಿಂದು. ಅತ್ತು ಮುಗಿಸು, ಆಮೇಲೆ ಓದುವಂತೆ" ಎಂದರು ಯಜಮಾನರು.