ಪ್ರಭಾ ಮತ್ತು ಅವಳ ಡಬ್ಬಿ ಕ್ಯಾಮೆರಾ

ನಮ್ಮ ಮಾವನವರ ಎದುರಿಗೆ ಮೊದಲ ಸಲ ಕ್ಯಾಮೆರಾ ಹಿಡಿದು ನಿಂತಾಗ ಪ್ರಭಾ ತಲೆ ಎತ್ತಲೇ ಇಲ್ಲ. ಸೆರಗು ಹಣೆಯವರೆಗೆ ಬಂದಿತ್ತು, ಕಣ್ಣು ಕೆಳಗಿತ್ತು. "ಇಷ್ಟ ಕಲತಾಕಿ ಆದ್ರೂ ಹೆಂಗ ತಗ್ಗಿ ಬಗ್ಗಿ ಅದಾಳ ನೋಡ" ಎಂದು ಅತ್ತೆ ಅಲ್ಲೇ ಕರಗಿಹೋದರು. ಅವಳು ತಗ್ಗಿಯೂ ಇರಲಿಲ್ಲ, ಬಗ್ಗಿಯೂ ಇರಲಿಲ್ಲ. ಅವಳದು ಡಬ್ಬಿ ಕ್ಯಾಮೆರಾ. ಅದನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಪುಟ್ಟ ಗಾಜಿನೊಳಗೆ ಇಣುಕಿದರೆ ಮಾತ್ರ ಎದುರಿಗಿದ್ದವರು ಕಾಣುತ್ತಿದ್ದರು. ನಾನು ಆ ಮನೆಯಲ್ಲಿ ಎಂಟು ವರ್ಷ ತಲೆ ತಗ್ಗಿಸಿಕೊಂಡೇ ಓಡಾಡಿದ್ದೆ, ಕ್ಯಾಮೆರಾ ಇಲ್ಲದೆ. ನನಗೆ ಯಾರೂ ಹಾಗೆ ಅಂದಿರಲಿಲ್ಲ.

ಪ್ರಭಾ ನನ್ನ ಮೈದುನನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಅನ್ನುತ್ತೇವೆ. ಎಪ್ಪತ್ತರ ದಶಕದ ನಡುವೆ ರಾಯಚೂರಿನಿಂದ ಬೈಲಹೊಂಗಲದ ನಮ್ಮ ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಳು. ತೀರಿಹೋದ ತಂದೆಯ ಕ್ಯಾಮೆರಾವನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟುಕೊಂಡು ತಂದಿದ್ದಳು. ನಾನು ತವರಿನಿಂದ ತಂದದ್ದು ಎರಡು ಹಿತ್ತಾಳೆ ಕೊಡ. ಅವನ್ನು ನೋಡಲು ಓಣಿಯ ಹೆಂಗಸರು ಬಂದಿರಲಿಲ್ಲ.

ಮೈದುನ ಬ್ಯಾಂಕಿನಲ್ಲಿದ್ದ. ಹಳೆಯ ಗುಡಿ, ಕೋಟೆ ಅಂದರೆ ಅವನಿಗೂ ಹುಚ್ಚು. ಆದರೆ ಹೊಸ ಗಂಡ-ಹೆಂಡತಿ ಇಬ್ಬರೇ ಊರು ನೋಡಲು ಹೋಗುವುದು ಆಗ ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಭಾನುವಾರ ಬಂದರೆ ಅತ್ತೆ, ನಾನು, ನನ್ನ ಇಬ್ಬರು ಮಕ್ಕಳು ರೊಟ್ಟಿ ಬುತ್ತಿಯ ಗಂಟಿನ ಸಮೇತ ಬಾಡಿಗೆ ಟೆಂಪೋದಲ್ಲಿ ಅವರ ಹಿಂದೆ ಹೊರಡುತ್ತಿದ್ದೆವು. ಸವದತ್ತಿ ಕಡೆಯ ಹೂಲಿಗೆ ಹೋದೆವು, ಕಿತ್ತೂರಿಗೆ ಎರಡು ಸಲ ಹೋದೆವು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹೂಲಿಯಲ್ಲಿ ಅಷ್ಟು ಗುಡಿ ಸುತ್ತಿಸಿ ಅವಳು ಮೂರೇ ಸಲ ಗುಂಡಿ ಒತ್ತಿದಳು. "ಬಿಸಲ ಇನ್ನೊಂದೀಟ ಇಳೀಲಿ ತಡೀರಿ" ಅನ್ನುತ್ತಾ ನಮ್ಮನ್ನು ಕಂಬದ ಬುಡದಲ್ಲಿ ಕೂರಿಸಿ ತಾನು ಓಡಾಡುತ್ತಿದ್ದಳು. ಬಿಸಿಲು ಇಳಿದ ಮೇಲೆ, "ಉಸರ ಹಿಡೀರಿ" ಅನ್ನುತ್ತಿದ್ದಳು. ನಾವೆಲ್ಲ ಹಿಡಿಯುತ್ತಿದ್ದೆವು. ಅವಳೂ ಹಿಡಿಯುತ್ತಿದ್ದಳು. ಕಟ್ ಎಂದ ಮೇಲೆ, "ಹಾಂ, ಬಿಡ್ರಿ." ಇಡೀ ಮನೆತನದ ಉಸಿರು ಇವಳ ಅಪ್ಪಣೆಗೆ ಕಾಯುತ್ತಿತ್ತಲ್ಲ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಕಿತ್ತೂರಿನ ಹಾಳುಬಿದ್ದ ಅರಮನೆಯ ಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಒಂದು ಕಿಂಡಿ ಇದೆ. ನಟ್ಟನಡು ಮಧ್ಯಾಹ್ನ ಪ್ರಭಾ ಅತ್ತೆಯನ್ನು ಅದರ ಮುಂದೆ ನಿಲ್ಲಿಸಿ, "ಚುಕ್ಕಿ ಕಾಣತೈತೇನ ನೋಡ್ರಿ ಅತ್ತಿ" ಅಂದಳು. ಅತ್ತೆ ಒಂದು ಕಣ್ಣು ಮುಚ್ಚಿ ಗಂಭೀರವಾಗಿ ನೋಡಿದರು. "ಹಗಲ್ನ್ಯಾಗ ಎಲ್ಲಿ ಚುಕ್ಕಿ, ಹುಚ್ಚಿ!" ಎಂದು ತಿರುಗಿ ಬಾಯಿ ತುಂಬ ನಕ್ಕರು. ಅಷ್ಟರಲ್ಲಿ ಕಟ್ ಎಂದಿತ್ತು. ಆ ಫೋಟೋದಲ್ಲಿ ಅತ್ತೆಯ ಒಂದು ಹಲ್ಲು ಇಲ್ಲದ್ದು ಸ್ಪಷ್ಟವಾಗಿ ಕಾಣುತ್ತದೆ. ಮತ್ತೊಬ್ಬರು ತೆಗೆದಿದ್ದರೆ ಹರಿದು ಒಲೆಗೆ ಹಾಕುತ್ತಿದ್ದರು. ಇದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು.

ನನ್ನದೂ ಒಂದು ತೆಗೆದಿದ್ದಳು, ಹೂಲಿಯ ಕೆರೆಯ ದಂಡೆಯ ಮೇಲೆ. ನನ್ನ ಗಂಡ ಅದನ್ನು ದೀಪದ ಬುಡಕ್ಕೆ ಒಯ್ದು ಬಹಳ ಹೊತ್ತು ನೋಡಿದರು. ನನ್ನನ್ನು ಎದುರಿಗೆ ಕೂರಿಸಿಕೊಂಡು ಅಷ್ಟು ಹೊತ್ತು ನೋಡಿದವರೇ ಅಲ್ಲ. ಏನಾದರೂ ಅಂದಾರೆಂದು ಕಾದೆ. "ಭಾಳ ಚಲೋ ತೆಗದಾಳ" ಎಂದರು. ಅಂದಿನಿಂದ ಪ್ರಭಾ ಕ್ಯಾಮೆರಾ ಒರೆಸುವುದನ್ನು ಕಂಡರೂ ನನಗೆ ಮೈಯೆಲ್ಲ ಕಾರ ಹಚ್ಚಿದ ಹಾಗಾಗುತ್ತಿತ್ತು.

ಅವಳು ಮಾತ್ರ ನನ್ನನ್ನು ಅಕ್ಕಾರ ಅಕ್ಕಾರ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಒಂದು ದಿನ ರಾಯಚೂರಿನಿಂದ ಬಂದ ಕಾಗದವನ್ನು ನನಗೆ ಓದಿ ಹೇಳಿದಳು. ಅವಳ ಅವ್ವ ಹಾಸಿಗೆ ಹಿಡಿದಿದ್ದರು. "ಎಲ್ಲಾರ ಫೋಟೋ ಕಳಸೀದಿ, ನಿಂದ ಎಲ್ಲೈತಿ? ಈಗ ಹೆಂಗ ಅದಿ, ನೋಡಬೇಕ ಅನಸತೈತಿ" ಎಂದು ಬರೆಸಿದ್ದರು. ಮದುವೆಯ ಗುಂಪು ಫೋಟೋದಲ್ಲಿ ಬಾಸಿಂಗದ ಸರಗಳು ಪ್ರಭಾಳ ಅರ್ಧ ಮುಖ ಮುಚ್ಚಿದ್ದವು. ಮೈದುನ ಒಮ್ಮೆ ತೆಗೆದದ್ದರಲ್ಲಿ ತಲೆಯೇ ಇರಲಿಲ್ಲ. ತವರಿಗೆ ಹೋಗಿಬರುತ್ತೇನೆಂದು ಕೇಳಿದರೆ ಅತ್ತೆ, "ಪಂಚಮಿಗೆ ಕಳಸೂಣಂತ" ಅಂದರು. ಪಂಚಮಿಗೆ ಇನ್ನೂ ಎರಡು ತಿಂಗಳಿತ್ತು.

ಆ ವಾರವೇ ನಾವು ರಾಮದುರ್ಗದ ಆಚೆ ತೊರಗಲ್ ಕೋಟೆಗೆ ಹೋದದ್ದು. ಇಳಿಹೊತ್ತಿನಲ್ಲಿ ಅವಳು ರೋಲು ಸುತ್ತಿ ಕ್ಯಾಮೆರಾವನ್ನು ನನ್ನ ಕೈಗಿಟ್ಟಳು.

"ಹನ್ನೊಂದ ಆಗ್ಯಾವ್ರಿ ಅಕ್ಕಾರ, ಒಂದ ಉಳದೈತಿ. ಇದೊಂದ ನಂದ ತೆಗೀರಿ. ಅವ್ವಗ ಕಳಸಬೇಕ."

"ನಿನ್ನ ಗಂಡ ಇಲ್ಲೇನ?"

"ಅವರ ಕೈಯಾಗ ಕೊಟ್ರ ಮತ್ತ ತಲಿ ಹೊಕ್ಕೈತ್ರಿ. ನಿಮ್ಮ ಕೈ ಗಟ್ಟಿ ಐತಿ."

ಗಾಜಿನೊಳಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ, ಅದೊಂದು ನೆನಪಿಟ್ಟುಕೊಳ್ಳಿ ಎಂದು ತಿಳಿಸಿ ಹೇಳಿ, ಓಡಿಹೋಗಿ ಕೋಟೆಯ ಗೋಡೆಗೆ ಒರಗಿ ನಿಂತಳು. ತವರಿನವರು ಕೊಟ್ಟ ಇಳಕಲ್ಲ ಸೀರೆ ಉಟ್ಟಿದ್ದಳು. ಗಾಜಿನೊಳಗೆ ಹೆಬ್ಬೆರಳಷ್ಟು ಪ್ರಭಾ ಕಂಡಳು, ತೀರ ನಡುವೆ, ನಗುತ್ತಾ. ಆ ಹೊತ್ತಿಗೆ ನನ್ನ ಬೆನ್ನ ಹಿಂದಿನಿಂದ ಅತ್ತೆ, "ನಮ್ಮ ಸಣ್ಣಾಕಿ ಎಷ್ಟ ಚಂದ ಕಾಣತಾಳ!" ಅಂದರು.

ನಾನು ಕ್ಯಾಮೆರಾವನ್ನು ಒಂದಿಷ್ಟು ಹೊರಳಿಸಿದೆ. ಕೈ ಜಾರಿದ್ದಲ್ಲ, ಎಡಬಲ ತಿಳಿಯದೆಯೂ ಅಲ್ಲ. ಅವಳು ಗಾಜಿನ ಅಂಚಿಗೆ ಸರಿದು ಮಾಯವಾಗುವವರೆಗೆ ಹೊರಳಿಸಿ, "ಉಸರ ಹಿಡಿ" ಎಂದು ಗುಂಡಿ ಒತ್ತಿದೆ.

ರೋಲನ್ನು ಎಂದಿನಂತೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೆಳಗಾವಿಯ ಸ್ಟುಡಿಯೋಕ್ಕೆ ಕಳಿಸಿದರು. ಹನ್ನೆರಡನೆಯ ಫೋಟೋದಲ್ಲಿ ಕೋಟೆಯ ಗೋಡೆ ಬಂದಿತ್ತು, ಒಂದು ತುದಿಗೆ ಗಾಳಿಗೆ ಹಾರಿದ ಸೆರಗಿನ ಚೂರು ಬಂದಿತ್ತು. "ಏನವಾ ಇದು, ಹುಡಿಗಿನ ಇಲ್ಲಲ್ಲ!" ಎಂದು ಅತ್ತೆ ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಪ್ರಭಾ, "ಆ ಗಾಜ ಉಲ್ಟಾ ತೋರಸತೈತ್ರಿ ಅತ್ತಿ. ಹೊಸದಾಗಿ ಹಿಡದವ್ರಿಗೆ ಎಲ್ಲಾರಿಗೂ ಹಿಂಗ ಆಗತೈತಿ" ಅಂದಳು. ಅದನ್ನೇ ಲಕೋಟೆಗೆ ಹಾಕಿ, ಸೆರಗು ನಂದು, ಮುಖ ಮುಂದಿನ ರೋಲಿನಲ್ಲಿ ಕಳಿಸುತ್ತೇನೆ ಎಂದು ಅವ್ವನಿಗೆ ಬರೆದಳು.

ಹೊಸ ರೋಲು ಬೆಳಗಾವಿಯಿಂದ ಬರುವ ಮೊದಲೇ ರಾಯಚೂರಿನಿಂದ ತಾರು ಬಂತು.

ಅವ್ವನ ಮಣ್ಣಿಗೆ ಹೋದ ಪ್ರಭಾ ತಿಂಗಳ ಮೇಲೆ ತಿರುಗಿ ಬಂದಳು. ಪಡಸಾಲೆಯಲ್ಲಿ ಅತ್ತೆಯ ಮುಂದೆ ಕುಳಿತು, "ಆ ಫೋಟೋ ಅವ್ವ ತಲಿದಿಂಬಿನ ಬುಡಕ ಇಟಗೊಂಡಿದ್ಲಂತ್ರಿ. ಸೆರಗ ಗುರತ ಹಿಡದ್ಲಂತ" ಎಂದು ಹೇಳಿದಳು. ನಾನು ಅಲ್ಲೇ ಕಾಳು ಆರಿಸುತ್ತಿದ್ದೆ. ಆಗಲೂ ನನ್ನ ಹಾಳು ಮನಸ್ಸಿಗೆ ಬಂದದ್ದು, ನನ್ನ ಸೆರಗನ್ನು ಅಷ್ಟು ದೂರದಿಂದ ಗುರುತು ಹಿಡಿಯುವವರು ಯಾರಿದ್ದಾರೆ ಎಂದು. ಆಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುವರ್ಷ ಮೈದುನನಿಗೆ ಕಲಬುರ್ಗಿಗೆ ವರ್ಗವಾಯಿತು. ಹೊರಡುವ ದಿನ ಮುಂಜಾನೆ ಪ್ರಭಾ ಕ್ಯಾಮೆರಾ ಹಿಡಿದು ಅಂಗಳಕ್ಕೆ ಬಂದಳು.

"ಅಕ್ಕಾರ, ಇಲ್ಲಿ ಬಿಸಲಾಗ ನಿಂದರ್ರಿ. ನಿಮ್ಮದೊಂದ ತೆಗಿತೇನಿ."

"ಈಗ್ಯಾಕ ಬಿಡ. ಈ ಕಣ್ಣು, ಈ ಮಾರಿ. ಬರತೇನೋ ಇಲ್ಲೋ."

"ಬರತೀರಿ" ಅಂದಳು, ಗಾಜಿನಿಂದ ಕಣ್ಣು ತೆಗೆಯದೆ. "ನಾ ಹೊರಳಸಂಗಿಲ್ರಿ ಅಕ್ಕಾರ."

ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಆಗ ನನಗೆ ತಿಳಿಯಿತು. ಕ್ಯಾಮೆರಾದ ಕಣ್ಣು ಯಾವ ಕಡೆ ತಿರುಗಿದೆ ಎಂಬುದು ಎದುರಿಗೆ ನಿಂತವರಿಗೆ ಕಂಡೇ ಕಾಣುತ್ತದೆ. ತೊರಗಲ್ಲಿನಲ್ಲಿ ಅದು ತನ್ನ ಮೇಲಿಂದ ಸರಿದದ್ದನ್ನು ನೋಡಿಯೂ ಅವಳು ನಗುತ್ತಾ, ಉಸಿರು ಹಿಡಿದು ನಿಂತೇ ಇದ್ದಳು. ತಪ್ಪಾಯಿತು ಅನ್ನಬೇಕೆಂದುಕೊಂಡೆ. ಬಾಗಿಲಲ್ಲಿ ಟಾಂಗಾ ಬಂದು ನಿಂತಿತ್ತು, ಮೈದುನ ಅವಸರ ಮಾಡುತ್ತಿದ್ದ, ನಾನು ಅನ್ನಲಿಲ್ಲ. ಮುಂದೆ ಮನೆ ಪಾಲಾಗಿ ಅವರು ಈ ಕಡೆ ಬರುವುದೇ ನಿಂತುಹೋಯಿತು. ಅವಳನ್ನು ನಾನು ನೋಡಿದ್ದು ಅದೇ ಕೊನೆಯ ಸಲ.

ಫೋಟೋ ಕಲಬುರ್ಗಿಯಿಂದ ಅಂಚೆಯಲ್ಲಿ ಬಂತು. ನಾನು ಸರಿಯಾಗಿ ನಡುವೆ ಇದ್ದೆ, ತಲೆಯ ಮೇಲೆ ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟಿದ್ದಳು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ನೋಡಿ, "ನೀ ಚಲೋ ಬಂದಿ" ಅಂದರು. ಅದನ್ನು ಮತ್ತೆ ಲಕೋಟೆಗೆ ಹಾಕುತ್ತಾ, "ಪ್ರಭಾಂದ ಒಂದಾದ್ರೂ ಇರಬೇಕಿತ್ತ ನೋಡವಾ ಮನ್ಯಾಗ" ಅಂದರು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ನಾನು ಒಳಗೆ ಹೋದೆ.