ಕಾಯಿಸಿದ ನೀರು ಕೇಳಿದ ಕ್ಯಾಂಡಿಡೇಟು

ವೋಟು ಕೇಳಲು ಹೋದವರು ಕೊಟ್ಟ ನೀರನ್ನು ಕುಡಿಯಲೇಬೇಕು ಕಣ್ರೀ. ನಮ್ಮ ಅರಕಲಗೂಡು ಕಡೆ ಚುನಾವಣೆಯ ಮೊದಲ ಪಾಠವೇ ಅದು. ನಮ್ಮ ಡಾಕ್ಟರಮ್ಮನಿಗೂ ಅದು ಗೊತ್ತಿತ್ತು.

ಮಲ್ಲಿಪಟ್ಟಣದ ಕಡೆ ಸರ್ಕಾರಿ ಡಾಕ್ಟರಾಗಿದ್ದಾಗ ಅವರು ಪ್ರತಿ ಮಳೆಗಾಲದಲ್ಲೂ ವಾಂತಿಭೇದಿಯ ಮಕ್ಕಳನ್ನು ನೋಡಿದ್ದರು. ಕುಡಿಯುವ ನೀರಿನ ಪೈಪು ಚರಂಡಿಯೊಳಗೇ ಹಾದುಹೋಗಿದೆ, ಬದಲಾಯಿಸಿ ಎಂದು ವರ್ಷಗಟ್ಟಲೆ ಅಲೆದರು. "ನೀವು ಮಾತ್ರೆ ಕೊಡಿ ಮೇಡಂ, ಪೈಪ್ ವಿಚಾರ ನಮ್ಗೆ ಬುಡಿ" ಎಂದು ನಕ್ಕರು ಕುರ್ಚಿಯಲ್ಲಿದ್ದವರು. ಡಾಕ್ಟರಮ್ಮ ನಗಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟು ತಾಲ್ಲೂಕು ಪಂಚಾಯಿತಿ ಚುನಾವಣೆಗೆ ನಿಂತೇಬಿಟ್ಟರು.

ಪ್ರಚಾರದ ಮೊದಲ ಮನೆಯಲ್ಲಿ ಅಜ್ಜಿಯೊಬ್ಬರು ಚೊಂಬಿನಲ್ಲಿ ನೀರು ತಂದರು. ಡಾಕ್ಟರಮ್ಮನದು ಎಂದಿನ ಪ್ರಶ್ನೆ: "ಕಾಯ್ಸಿದ್ದಾ ಅಜ್ಜಿ?"

ಅಜ್ಜಿಯ ಮುಖ ಬಿಗಿಯಾಯಿತು. "ಯಾಕವ್ವಾ, ನಮ್ ಜನದ ಮನೆ ನೀರು ನಿಮ್ಗಾಗಕಿಲ್ವಾ?"

ಮಾತು ಜಾತಿಗೆ ತಿರುಗಿತ್ತು. ಮೈಕು ಹಿಡಿದಿದ್ದ ನಾನು ಪಿಸುಗುಟ್ಟಿದೆ: "ಕುಡುದ್ಬುಡಿ ಮೇಡಂ, ಬೀದಿ ವೋಟೆಲ್ಲಾ ಓಯ್ತವೆ."

ಅವರು ಸೆರಗು ಸಿಕ್ಕಿಸಿಕೊಂಡರು. "ಒಲೆ ತೋರ್ಸಿ ಅಜ್ಜಿ. ಇದೇ ನೀರು ಕಾಯಿಸ್ತೀನಿ, ಇದೇ ಚೊಂಬಲ್ಲಿ ಕುಡೀತೀನಿ."

ಒಲೆ ಮುಂದೆ ಕೂತು ಕಾಯಿಸಿದರು. ಎದುರು ಪಕ್ಷದ ಜೀಪು ಅಷ್ಟರಲ್ಲಿ ಬೀದಿ ಸುತ್ತಿ ಹೋಯಿತು. ಇವರು ಊದಿ ಊದಿ, ಚೊಂಬು ಖಾಲಿ ಮಾಡಿ ಎದ್ದರು.

ಅಜ್ಜಿ ನಕ್ಕೇಬಿಟ್ಟರು. "ಎಲ್ಲಾರ್ ಮನೇಲೂ ಇಂಗೇ ಕುಂತ್ರೆ ಎಲೆಕ್ಸನ್ನೇ ಮುಗ್ದೋಯ್ತದೆ ಕಣವ್ವಾ!"

"ಮುಗೀಲಿ ಬಿಡಿ. ಮೊಮ್ಮಕ್ಕಳಿಗೆ ಇವತ್ತಿಂದ ಕಾಯ್ಸಿದ್ದನ್ನೇ ಕೊಡಿ" ಎನ್ನುತ್ತಾ ಡಾಕ್ಟರಮ್ಮ ಪಕ್ಕದ ಮನೆಗೆ ನಡೆದರು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಆ ಮನೆಯಾಕೆ ಆಗಲೇ ಒಲೆಯ ಮೇಲೆ ನೀರಿಟ್ಟಿದ್ದಳು.